ಎಡಕ್ಕೆ ಸುತ್ತಿದ ತಂತಿ

…ನಗಬೇಡ ಬನ್ನು, ನಗಬೇಡ! ಗಾಡಿ ಕೆಳಗೆ ಮಲಗಿದೋನಿಗೆ ಏನೂ ಕಾಣಲ್ಲ ಅಂದ್ಕೊಂಡ್ಯಾ? ಮುಖ ಕಾಣಲ್ಲ, ಸರಿ. ಪಾದ ಕಾಣುತ್ತಲ್ಲ! ನೀನು ಒಳಗೊಳಗೇ ನಕ್ಕರೆ ನಿನ್ನ ಹೆಬ್ಬೆರಳು ಮೇಲಕ್ಕೇಳುತ್ತೆ. ಒಂದನೇ ಕ್ಲಾಸಿನಿಂದ ಬೆಂಚಿನ ಕೆಳಗೆ ನೋಡಿದ ಪಾದ ಕಣೋ ಅದು, ನನಗೆ ಗೊತ್ತಿಲ್ವಾ? ಈಗ ಅದಕ್ಕೆ ಮೈದಾ ಮೆತ್ಕೊಂಡಿದೆ, ಅಷ್ಟೇ ವ್ಯತ್ಯಾಸ. ಬೇಕರಿಯಿಂದ ಬರೋನು ಕಾಲು ತೊಳ್ಕೊಂಡು ಬರಬಾರದಾ ಮಾರಾಯ? ನನ್ನ ಗ್ಯಾರೇಜಿನ ಎಣ್ಣೆ ಮೇಲೆ ಓಡಾಡಿದ್ರೆ ಅಲ್ಲೇ ಹಿಟ್ಟು ಕಲಸಿದ ಹಾಗಾಗುತ್ತೆ.

ಹೊಟ್ಟೆಕಿಚ್ಚು ಅಂತ ತಾನೇ ನಿನ್ನ ನಗು? ಯಾರಿಗೆ ಹೊಟ್ಟೆಕಿಚ್ಚು? ನನಗಾ? ನನ್ನ ತಮ್ಮನ ಮೇಲಾ? ದಾಯಾದಿ ಮತ್ಸರ ಅಂತೀಯಾ? ಅಯ್ಯೋ ಬಿಡೋ! ರಸ್ತೆ ಆಚೆ, ನನ್ನ ಬಾಗಿಲ ಎದುರಿಗೇ ಗ್ಯಾರೇಜು ಹಾಕಿದ. ಹಾಕ್ಲಿ. ಗುಂಡಿ ಒತ್ತಿದ್ರೆ ಗಾಡೀನ ಮೇಲಕ್ಕೆತ್ತೋ ಯಂತ್ರ ತಂದ. ತರ್ಲಿ. ಬಂದೋರು ಕೂತ್ಕೊಳ್ಳೋಕೆ ಗಾಜಿನ ಕೋಣೆ, ಅದರಲ್ಲಿ ಸೋಫಾ, ಸೋಫಾ ಪಕ್ಕ ಮೀನಿನ ತೊಟ್ಟಿ! ಮೀನು ಕಣೋ, ಗ್ಯಾರೇಜಿನಲ್ಲಿ! ಆಯಿಲ್ ಬದಲಾಯಿಸೋಕೆ ಬಂದೋನು ಮೀನು ಯಾಕೆ ನೋಡಬೇಕು? ಆದ್ರೂ ನಾನೇನಾದ್ರೂ ಅಂದ್ನಾ? ಒಂದೇ ಒಂದು ಮಾತು ಅಂದ್ನಾ? ಅವನ ಬೋರ್ಡಿನ ದೀಪ ಮಾತ್ರ ನನ್ನ ಅಡುಗೆಮನೆ ಕಿಟಕಿಗೇ ಹೊಡೆಯುತ್ತೆ. ಪರದೆ ಹಾಕಿಸ್ದೆ. ಪರದೆ ಹಾಕಿಸಿದ್ಮೇಲೂ ಗೋಡೆ ತುಂಬ ಕೆಂಪು, ಹಸಿರು, ಕೆಂಪು, ಹಸಿರು… ಇರ್ಲಿ ಬಿಡು.

ಹದಿನಾಲ್ಕರ ಸ್ಪ್ಯಾನರ್ ಕೊಡು. ಅದಲ್ಲ, ಅದು ಹದಿನೇಳು. ಅದರ ಪಕ್ಕದ್ದು. ಹಾಂ, ಅಲ್ಲೇ ನೆಲದ ಮೇಲಿಂದ ತಳ್ಳು.

ನೋಡು, ಈ ಹಳೇ ಪಿಕಪ್ಪಲ್ಲಿ ಡೀಸೆಲ್ ಫಿಲ್ಟರ್ ಇಟ್ಟಿರೋ ಜಾಗ ಇದೆಯಲ್ಲ, ಅದನ್ನ ಅಲ್ಲಿಟ್ಟ ಪುಣ್ಯಾತ್ಮ ಜೀವಮಾನದಲ್ಲಿ ಒಂದು ಸಲನೂ ಅದನ್ನ ಬಿಚ್ಚಿದೋನಲ್ಲ. ಟ್ಯಾಂಕಿನ ಮೇಲ್ಗಡೆ, ಚಾಸಿಯ ಒಳಮಗ್ಗುಲಿಗೆ ಅಂಟಿಸಿಟ್ಟಿದ್ದಾನೆ. ಇಲ್ಲಿಂದ ಕಣ್ಣಿಗೆ ಕಾಣಲ್ಲ. ಎರಡು ಕೈ ಹೋಗಲ್ಲ. ಬಲಗೈ ಒಂದನ್ನೇ ಹೆಗಲವರೆಗೂ ತೂರಿಸಿ, ಮೊಣಕೈ ತಿರುಚಿ, ಬೆರಳ ತುದೀಲಿ ತಡಕಬೇಕು. ಹಸುವಿನ ಹೆರಿಗೆ ಮಾಡಿಸಿದ ಹಾಗೆ! ನನ್ನ ತಮ್ಮ ಆದ್ರೆ ಏನು ಮಾಡ್ತಾನೆ ಗೊತ್ತಾ? ಹಿಂದಿನ ಬಾಡಿನೇ ಪೂರ್ತಿ ಬಿಚ್ಚಿ, ಯಂತ್ರದಲ್ಲಿ ಎತ್ತಿ ಪಕ್ಕಕ್ಕಿಡ್ತಾನೆ! ಇಷ್ಟು ಸಣ್ಣ ಡಬ್ಬಿಗೆ ಅಷ್ಟು ದೊಡ್ಡ ಬಾಡಿ! ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ. ಜನಕ್ಕೋ, ಅದೇ ಬೇಕು. ಬಾಡಿ ಮೇಲೆದ್ದಾಗ ಬಾಯಿ ಬಿಟ್ಕೊಂಡು ನಿಂತಿರ್ತಾರೆ. ನಾನು ಮೈಯೆಲ್ಲ ಹೊಲಸು ಮಾಡ್ಕೊಂಡು ಕೆಳಗೆ ಮಲಗಿ ಮಾಡಿದ್ದನ್ನ ಯಾರು ನೋಡ್ತಾರೆ?

ಅಮ್ಮನೂ ಹಾಗೇ ಅಲ್ವಾ. ನಾನು ನೀರಿನ ಮೋಟಾರ್ ಬಿಚ್ಚಿ ಸರಿ ಮಾಡಿಕೊಟ್ರೆ, "ಆಯ್ತಾ? ಕೈ ತೊಳ್ಕೊ" ಅಂತಿದ್ಲು. ಅವನು ಒಂದು ಬಲ್ಬ್ ಹಾಕಿದ್ರೆ ಅಕ್ಕಪಕ್ಕದ ಮನೆಯೋರನ್ನೆಲ್ಲ ಕರೆದು ತೋರಿಸ್ತಿದ್ಲು. ಈಗಲೂ ನೋಡು, ಬೆಳಿಗ್ಗೆ ನನ್ನ ಮನೇಲಿ ಕಾಫಿ ಕುಡೀತಾಳೆ, ಸಂಜೆ ಆಯ್ತು ಅಂದ್ರೆ ಕೋಲೂರ್ಕೊಂಡು ರಸ್ತೆ ದಾಟ್ತಾಳೆ. ಯಾಕೆ? ಆ ಮೀನುಗಳಿಗೆ ಹೊತ್ತಿಗೆ ಸರಿಯಾಗಿ ತಿನ್ನೋಕೆ ಹಾಕಬೇಕಂತೆ! ನಾನು ಊಟ ಮಾಡಿದ್ನಾ ಅಂತ ಕೇಳಿ ಎಷ್ಟು ಕಾಲ ಆಯ್ತೋ.

ಏನು, ಕಾಲು ಬದಲಾಯಿಸ್ದೆ? ನಿಂತು ನೋವಾ? ಆ ಟೈರ್ ಮೇಲೆ ಕೂತ್ಕೋ. ಇಲ್ಲಿ ಸೋಫಾ ಇಲ್ಲಪ್ಪ.

…ಹಾಂ, ಸಿಕ್ತು! ಕೈ ಒಳಗಿದೆ… ಪೈಪು ಕಚ್ಕೊಂಡಿದೆ… ಬಾ, ಬಾ ನನ್ನ ರಾಜ… ಉಸ್ಸ್! ಬಂತು! ಡೀಸೆಲ್ ಎಲ್ಲ ಮುಖದ ಮೇಲೆ! ಇಷ್ಟೇ ಕಣೋ ಕೆಲಸ. ಹೋದ ವರ್ಷ ಹೀಗೇ ತೆಗೆದೆ, ಅದರ ಹಿಂದಿನ ವರ್ಷ ಹೀಗೇ ತೆಗೆದೆ. ನೀನು ಅಲ್ಲೇ ನಿಂತಿದ್ದೆ, ಇದೇ ಮೈದಾ ಕಾಲಲ್ಲಿ. ತಗೋ, ಉರುಳಿಸ್ದೆ, ನೋಡು! ಹೇಗಾಗಿದೆ ನೋಡು! ಕರ್ರಗೆ, ಟಾರಿನ ಹಾಗೆ. ಇದನ್ನಿಟ್ಕೊಂಡು ದಿಣ್ಣೆ ಹತ್ತು ಅಂದ್ರೆ ಗಾಡಿ ಹತ್ತುತ್ತಾ? ಕೆಮ್ಮುತ್ತೆ, ಪಾಪ.

ಎತ್ಕೊಂಡು ನೋಡೋ. ಯಾಕೆ ಮುಟ್ತಿಲ್ಲ? ಕೈ ಕೊಳೆಯಾದ್ರೆ ನಿನ್ನ ಬೇಕರಿ ಬನ್ನು ಕಪ್ಪಾಗುತ್ತಾ? …ಸರಿ, ಬೇಡ ಬಿಡು. ಹೊಸದು ಹಾಕ್ತಾ ಇದ್ದೀನಿ. ಒಂದು ಕಡೆ ಕೂತ್ಕೊಳ್ತು… ಇನ್ನೊಂದು ಕಡೆ…

ಅಂದ ಹಾಗೆ, ಹೊಸ ವ್ಯಾನುಗಳನ್ನ ತಗೊಳ್ತೀಯಂತೆ? ಹೌದಪ್ಪ, ಬೀದಿಯೆಲ್ಲ ಹೇಳ್ತಿದೆ, ನೀನು ಮಾತ್ರ ನನಗೆ ಹೇಳಲಿಲ್ಲ. ಇರ್ಲಿ, ಒಳ್ಳೇದಾಯ್ತು, ಸಂತೋಷ. ಅವನ್ನ ಯಾರ ಕೈಗೆ ಕೊಡ್ತೀಯ ಅಂತ ನಾನು ಕೇಳಲ್ಲ. ಬೇಕಾದ್ರೆ ಅವನಿಗೇ ಕೊಡು! ಹೊಸ ಗಾಡಿ, ಹೊಸ ಸೋಫಾ, ಜೋಡಿ ಸರಿಹೋಗುತ್ತೆ. ಈ ಪಿಕಪ್ ಮಾತ್ರ ನಂದು. ಕೇಳಿಸ್ತಾ? ಇದರ ಒಂದೊಂದು ನಟ್ಟಿಗೂ ನನ್ನ ಕೈಯೇ ಗೊತ್ತು, ಬೇರೆಯವರ ಕೈ ಗೊತ್ತಿಲ್ಲ. ಇಡೀ ಬೀದಿ ರಸ್ತೆ ದಾಟಿ ಹೋಯ್ತು ಬನ್ನು. ಹಾಲಿನವನು ಹೋದ. ಟೈಲರ್ ಹೋದ. ನನ್ನ ಸ್ವಂತ ಅಳಿಯ ಹೋದ, ಸ್ಕೂಟರಿಗೆ ಬ್ರೇಕ್ ಹಾಕಿಸೋಕೆ! ಮಾವನ ಮನೇಲಿ ಊಟ, ಚಿಕ್ಕಮಾವನ ಗ್ಯಾರೇಜಲ್ಲಿ ಬ್ರೇಕು! ನೀನೊಬ್ಬ ದಾಟಲಿಲ್ಲ. ನೀನೂ ದಾಟಿದ್ರೆ… ಶೆಟರ್ ಎಳೆದು ಮನೇಲಿ ಮಲಗಿಬಿಡ್ತೀನಿ ಕಣೋ, ಇನ್ನು ಯಾರಿಗೋಸ್ಕರ ತೆಗೀಲಿ?

ಏನು, ಪಾದ ಹಿಂದಕ್ಕೆ ಎಳ್ಕೊಂಡೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ? ತಮಾಷೆಗೆ ಅಂದೆ ಮಾರಾಯ. ನಿನ್ನ ಮೇಲೆ ನನಗೆ ಅನುಮಾನವಾ?

ಥತ್! ಸ್ಪ್ಯಾನರ್ ಜಾರ್ತು. ಹಿಂದಿನ ಚಕ್ರದ ಹತ್ರ ಹೋಯ್ತು. ನೀನು ಬಗ್ಗಬೇಡ, ಬಗ್ಗಬೇಡ ಅಂದೆ! ನಾನೇ ತೆವಳ್ತೀನಿ. ಬಗ್ಗಿ ನೀನೇನು ನೋಡೋದಿದೆ… ಟಾರ್ಚ್ ಇದೆ ನನ್ನ ಹತ್ರ. ಹಾಂ, ಸಿಕ್ತು. ಇಲ್ಲಿಂದ ನೋಡಿದ್ರೆ ಟ್ಯಾಂಕಿನ ಮೇಲ್ಭಾಗನೂ ಕಾಣುತ್ತೆ, ನೋಡು, ನಾನು ಇಷ್ಟು ದಿನ ಈ ಕಡೆಯಿಂದ…

ಏಯ್.

ಏಯ್ ಬನ್ನು! ಇದೇನಿದು? ಈ ಫಿಲ್ಟರ್ ಹೊಸದು! ನೀಲಿ ಬಣ್ಣ, ಮಿರಮಿರ ಮಿಂಚ್ತಾ ಇದೆ! ಯಾರು ಹಾಕಿದ್ದು ಇದನ್ನ? ನನ್ನ ತಂತಿ ಎಲ್ಲಿ? ಫಿಲ್ಟರ್ ಹಿಡಿದಿಡೋ ಪಟ್ಟಿ ಮುರಿದಾಗ ನಾನು ಕಟ್ಟಿದ ತಂತಿ ಎಲ್ಲಿ ಹೋಯ್ತು? ನಾನು ಬಲಕ್ಕೆ ಸುತ್ತೋನು. ನಮ್ಮಪ್ಪ ಬಲಕ್ಕೆ ಸುತ್ತೋನು. ಇಡೀ ಪ್ರಪಂಚ ಬಲಕ್ಕೆ ಸುತ್ತುತ್ತೆ! ಇದು ಎಡಕ್ಕೆ ಸುತ್ತಿದೆ! ಎಡಕ್ಕೆ ತಂತಿ ಸುತ್ತೋ ಮೆಕ್ಯಾನಿಕ್ ಈ ಬೀದೀಲಿ ಒಬ್ಬನೇ. ಅಪ್ಪ ನನ್ನ ತಮ್ಮನ ಎಡಗೈನ ಬೆನ್ನಿಗೆ ಕಟ್ಟಿಹಾಕಿದ್ರೂ ಬಿಡಲಿಲ್ಲ ಅವನು, ಎಡಚ! ತುದೀನ ಒಳಕ್ಕೆ ಮಡಚಿದ್ದಾನೆ, ಮುಂದೆ ಮುಟ್ಟೋರ ಬೆರಳು ಕುಯ್ಯಬಾರದು ಅಂತ. ಅವನೇ! ಅವನ ಕೈಯೇ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ದಾಟಿದ್ಯಾ? ನೀನೂ ದಾಟಿದ್ಯಾ ಬನ್ನು? ಯಾವಾಗ? ನಾನು ಊಟಕ್ಕೆ ಹೋದಾಗ ಹೋದ್ಯಾ, ಕದ್ದು, ಹಿಂದಿನ ಬೀದಿ ಸುತ್ಕೊಂಡು? ಸೋಫಾ ಮೆತ್ತಗಿತ್ತಾ? ಮೀನು ಚೆನ್ನಾಗಿದ್ವಾ? ಅವನು ಬಾಡಿ ಎತ್ತಿದಾಗ ನೀನೂ ಬಾಯಿ ಬಿಟ್ಕೊಂಡು ನೋಡಿದ್ಯಾ? "ಅಣ್ಣನಿಗಿಂತ ತಮ್ಮನೇ ವಾಸಿ" ಅಂದ್ಯಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣೋ! ಹೊಟ್ಟೆ ಉರಿಯುತ್ತೆ ನನಗೆ, ಹೌದು, ಉರಿಯುತ್ತೆ! ಅಮ್ಮನ್ನ ತಗೊಂಡ, ಬೀದೀನ ತಗೊಂಡ, ಈಗ ನಿನ್ನನ್ನೂ ತಗೊಂಡ! ಅದೂ ಅಲ್ದೆ, ಅಲ್ಲಿ ಹೊಸ ಫಿಲ್ಟರ್ ಹಾಕಿಸ್ಕೊಂಡು, ಇಲ್ಲಿ ಬಂದು, ಗಾಡಿ ಕೆಮ್ಮುತ್ತೆ ಫಿಲ್ಟರ್ ಬದಲಾಯಿಸು ಅಂತೀಯಲ್ಲ, ಇದೇನು ಆಟ? ಹೊಸದನ್ನ ಇಟ್ಕೊಂಡು ನನ್ನ ಕೈಲಿ ಹಳೇದನ್ನ…

…



ಏನಾದ್ರೂ ಅನ್ನು. ತಿರುಗಿ ಬೈಯಾದ್ರೂ ಬೈ. ಪಾದ ಯಾಕೆ ಆ ಕಡೆ ತಿರುಗ್ತು? ಏನು ನೋಡ್ತಾ ಇದ್ದೀಯ?

ಅದನ್ನ ನೋಡಬೇಡ.

ಅದು ಬೇರೆ ಗಾಡೀದು. ಅಂದ್ರೆ… ಆಗಲೇ ಉರುಳಿಸಿದ್ನಲ್ಲ, ಅದು… ಜೇಬಲ್ಲಿತ್ತು. ಸುಮ್ನೆ, ತಮಾಷೆಗೆ ಕಣೋ. ನೀನು ಏನಂತೀಯ ನೋಡೋಣ ಅಂತ. ನಗು. ಈಗ ನಗಬಹುದು ನೀನು.

…ನನ್ನ ತಮ್ಮ ಬಿಚ್ಚಿ ತೆಗೆದನಲ್ಲ, ಇದರ ಹಳೇ ಫಿಲ್ಟರ್… ಅದು ಹೇಗಿತ್ತು? ಹೋದ ವರ್ಷದ್ದು ಅಂತ ಅನ್ನಿಸ್ತಾ ನಿನಗೆ? ತುಕ್ಕು ಹಿಡಿದಿತ್ತಾ? …ಪುಡಿ ಉದುರ್ತಾ ಕೈಯಲ್ಲಿ?



ಮೊನ್ನೆ ಹಾಲಿನವನು ಹೇಳ್ತಿದ್ದ, ರೈಲ್ವೆ ಗೇಟಲ್ಲಿ ಯಾವುದೋ ಹಳೇ ಪಿಕಪ್ ನಿಂತುಹೋಯ್ತಂತೆ, ಹಳಿ ಮೇಲೇ. ಗೇಟಿನವನು ಓಡಿಬಂದು, ಜನ ಸೇರಿ ತಳ್ಳಿದ್ರಂತೆ. ಆಮೇಲೆ ಯಾರೋ ಗ್ಯಾರೇಜಿನವನು ಬಂದು ಎಳ್ಕೊಂಡು ಹೋದನಂತೆ. ನಿಂದಲ್ಲ ಅಂದ್ಕೊಂಡೆ ನಾನು. ನಿಂದಾಗಿದ್ರೆ ನನ್ನನ್ನೇ ಕರೀತಿದ್ದೆ ಅಂದ್ಕೊಂಡೆ… ನಿಂದೇನಾ? ಒಬ್ಬನೇ ಇದ್ದೆ ತಾನೇ? ಬನ್ನು, ನೀನೊಬ್ಬನೇ ತಾನೇ ಇದ್ದದ್ದು?

ನಿನ್ನ ಹೆಂಡ್ತೀನೂ ಇದ್ಲಾ ಒಳಗೆ?

…

ದೇವರೇ.

ಹೊರಗೆ ಬರ್ತೀನಿ. ಇರು. ನಾನು ಮಲಗಿರೋ ಹಲಗೆಯ ಚಕ್ರ ಸಿಕ್ಕಿಹಾಕ್ಕೊಂಡಿದೆ, ಬರ್ತಿಲ್ಲ. ಕೈ ಕೊಡು, ಎಳಿ. …ಏಯ್, ಆ ಕಡೆ ಎಲ್ಲಿಗೆ ಹೋಗ್ತೀಯ? …ಹಾಂ. ನಿಧಾನ. ನಿಧಾನ. ಆಯ್ತು.

ನನ್ನ ಬಲಗೈ ನಿನ್ನ ಕಾಲ ಹತ್ರಾನೇ ಇತ್ತಲ್ಲ. ಅದನ್ನ ಬಿಟ್ಟು, ಗಾಡಿ ಸುತ್ತಿ ಬಂದು ಎಡಗೈ ಹಿಡಿದು ಎಳೆದ್ಯಲ್ಲ, ಯಾಕೆ? ನನ್ನ ಬಲಗೈ ಮೇಲಕ್ಕೇಳಲ್ಲ ಅಂತ ನಿನಗೆ ಯಾರು ಹೇಳಿದ್ರು? ಹಿಂದೆ ಏಣಿಯಿಂದ ಬಿದ್ದಾಗ ಏನೂ ಆಗಿಲ್ಲ ಅಂದಿದ್ದೆ ನಾನು, ಎಲ್ಲರಿಗೂ. ಅವತ್ತಿಂದ ಈ ಫಿಲ್ಟರ್ ತನಕ ಕೈ ಹೋಗಿಲ್ಲ. ಮನೇಲಿ ಇವಳಿಗೂ ಗೊತ್ತಿಲ್ಲ. ಅಂಗಿ ಹಾಕ್ಕೊಳ್ಳೋವಾಗ ಬಾಗಿಲು ಹಾಕ್ಕೋತೀನಿ. ಅಮ್ಮನಿಗೂ ಗೊತ್ತಿಲ್ಲ. ಬೆಳಿಗ್ಗೆ ಯಾರೂ ಏಳೋ ಮುಂಚೆ ಬಂದು, ಎಡಗೈಲಿ ಶೆಟರ್ ಎತ್ತಿ, ಭುಜ ಕೊಟ್ಟು ನೂಕ್ತೀನಿ. ಆಗ ಈ ಬೀದೀಲಿ ಒಂದು ನಾಯೀನೂ ಇರಲ್ಲ. ಎದುರಿಗೆ ಬರೀ ಅವನ…

ಅವನಾ?

ಆ ಗಾಜಿನ ಕೋಣೆಯಿಂದ… ನೋಡ್ತಾ ಇದ್ನಾ? ದಿನಾ?

ಅವನೇ ಕಳಿಸಿದ್ನಾ ನಿನ್ನ? "ಅಣ್ಣನ ಹತ್ರ ಹೋಗು, ಅವನಾಗಿ ಅವನೇ ಹೇಳ್ಲಿ" ಅಂದ್ನಾ? ಬೇರೆ ಯಾರಿಗಾದ್ರೂ ಹೇಳಿದ್ನಾ? …ಇಲ್ವಾ? ಅಮ್ಮನಿಗೂ ಹೇಳಲಿಲ್ವಾ?

ಥೂ ಅವನ! ಹಾಗೆ ನೋಡಬೇಡ ನನ್ನ. ನೀನು ಏನೂ ಹೇಳಬೇಡ, ಗೊತ್ತಾಯ್ತು. ಬೈಯೋಕೆ ಅಂತ ನನಗೆ ಒಬ್ಬ ತಮ್ಮ ಇದ್ದ ಬನ್ನು. ಈಗ ಅದನ್ನೂ ಕಿತ್ಕೊಂಡ್ಬಿಟ್ಟನಲ್ಲೋ.