ಬಾತಿ ಕೆರೆ ಏರಿನಾಗೆ ಕೆಮ್ಮಿದ ಪಿಕಪ್ಪು

ಅಲ್ಲ, ಆ ಪಿಕಪ್ ಗಾಡಿ ರಿಪೇರಿ ಮಾಡಿದ್ದು ತಾನೇ ಅಂತ ನಿಮ್ಮಜ್ಜ ಹೇಳ್ತಾರಲ್ಲ, ಹೇಳ್ಲಿ ಬಿಡ್ರಿ, ನಾನೇನು ಅಡ್ಡ ಬರಲ್ಲ, ಆದ್ರೆ ಹೇಳಿದ್ಮ್ಯಾಲೆ ಪೂರ್ತಿ ಹೇಳ್ಬೇಕಾ ಬ್ಯಾಡ್ವಾ? ನೋಡ್ರಿ ಅಲ್ಲಿ, ಆರಾಮ್ ಕುರ್ಚಿಯಾಗೆ ಕಣ್ಮುಚ್ಕೊಂಡು ಕುಂತಾರೆ, ನಿದ್ದೆ ಬಂದೋರಂಗೆ. ನಿದ್ದೆನೂ ಇಲ್ಲ ಗಿದ್ದೆನೂ ಇಲ್ಲ, ಕಿವಿ ಎರಡೂ ಈ ಕಡೀಗೇ ಅದಾವೆ. ಇರ್ಲಿ. ಆಗ ನಮ್ಮದು ಮದುವೆ ಆಗಿ ಹೊಸದು, ಹೊಸದು ಅಂದ್ರೆ ತೀರ ಹೊಸದೇನಲ್ಲ, ನಿಮ್ಮಪ್ಪ ಇನ್ನೂ ಹುಟ್ಟಿರ್ಲಿಲ್ಲ ಅಷ್ಟೆ. ನಿಮ್ಮಜ್ಜಗೆ ದಾವಣಗೆರಿಯಾಗೆ ಹತ್ತಿ ಮಿಲ್ಲಿನ ಕೆಲ್ಸ ಇತ್ತು, ಅದು ಹೋತು. ಯಾಕ ಹೋತು ಅಂತ ಕೇಳ್ಬ್ಯಾಡ್ರಿ, ಅದು ಬ್ಯಾರೆ ಕಥೆ, ಇವ್ರ ಬಾಯಿ ಕಥೆ. ಮನೆಯಾಗೆ ಅಕ್ಕಿ ಡಬ್ಬಿ ತಳ ಕಾಣಾಕೆ ಹತ್ತಿತ್ತು. ನಾನು ಮಂಡಕ್ಕಿ ಭಟ್ಟಿಗೆ ಹೋಗ್ತಿದ್ದೆ, ಕಾದ ಮರಳಿನಾಗೆ ಹುರಿದ ಮಂಡಕ್ಕಿನ ಜರಡಿ ಹಿಡಿಯೋ ಕೆಲ್ಸ. ಕೈಯೆಲ್ಲ ಬೊಬ್ಬೆ. ಜರಡಿ ಕೆಳಗೆ ಬಿದ್ದ ನುಚ್ಚು ಮಂಡಕ್ಕಿ ಇರ್ತದಲ್ಲ, ಅದನ್ನ ನಮಗೇ ಕೊಡ್ತಿದ್ರು, ನೀರಾಗೆ ಅದ್ದಿ ಉಪ್ಪು ಖಾರ ಹಾಕಿದ್ರೆ ಅದೇ ರಾತ್ರಿ ಊಟ. ಹಲ್ಲಿಗೆ ಮರಳು ಕರ್ ಕರ್ ಅಂತಿತ್ತು, ಸುಮ್ನೆ ನುಂಗ್ತಿದ್ವಿ.

ಅಂಥಾದ್ರಾಗೆ ಇವ್ರಿಗೆ ಒಂದು ಹುಚ್ಚು ಹತ್ತಿತು. ಆಗ ಮಿಲಿಟರಿಯೋರು ತಮ್ಮ ಹಳೇ ಗಾಡಿಗಳನ್ನ ಹರಾಜ್ ಹಾಕ್ತಿದ್ರು ನೋಡು, ಅದ್ರಾಗೆ ಒಂದು ಪಿಕಪ್ಪು. ಮುಂದೆ ಇಬ್ರು ಕೂಡ್ರಾಕೆ ಜಾಗ, ಹಿಂದೆ ಸಾಮಾನು ತುಂಬೋ ತೊಟ್ಟಿ. ನನ್ನ ಗುಂಡಿನ ಸರ ಕೊರಳಿನಾಗಿಂದ ಹೋತು, ಗಾಡಿ ಬಾಗ್ಲಿಗೆ ಬಂತು. ನಮ್ಮತ್ತೆ ಆರತಿ ಮಾಡಿ ನಿಂಬೆಹಣ್ಣು ಇಟ್ರು, ಗಾಡಿ ಆ ನಿಂಬೆಹಣ್ಣು ತುಳಿಯಾಕೂ ಮುಂದೆ ಬರ್ಲಿಲ್ಲ, ಓಣಿ ಮಂದಿ ಬಂದು ನೂಕಿ ತುಳಿಸಿದ್ರು! ನಗಬ್ಯಾಡ್ರಿ, ಅಜ್ಜಗೆ ಸಿಟ್ಟು ಬರ್ತದೆ. ಆಮೇಲೆ ನಮ್ಮ ಭಟ್ಟಿ ಸಾವ್ಕಾರ್ರ ಕೈಕಾಲು ಹಿಡಿದು, ಮಂಡಕ್ಕಿ ಚೀಲನ ಹರಿಹರಕ್ಕೆ ಮುಟ್ಟಿಸೋ ಕೆಲ್ಸ ಹಿಡಿದ್ರು. ಮಂಡಕ್ಕಿ ಹಗೂರ, ಮುದುಕಿ ಗಾಡಿಗೆ ಅದೇ ಸರಿ. ಆ ಗಾಡಿ ಚಾಲೂ ಮಾಡ್ಬೇಕಂದ್ರೆ ಇಬ್ರು ಬೇಕು, ಒಬ್ರು ಮುಂದೆ ನಿಂತು ಹ್ಯಾಂಡ್ಲು ತಿರುವಬೇಕು, ಇನ್ನೊಬ್ರು ಒಳಗೆ ಕುಂತು ಎಕ್ಸಲೇಟ್ರು ಒತ್ತಬೇಕು. ಕೂಲಿ ಆಳಿಗೆ ಕೊಡಾಕೆ ಏನೈತೆ? ನಾನೇ ಆಳು. ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕುಂತೆ ಅಂದ್ರೆ ಓಣಿ ಹೆಂಗಸ್ರೆಲ್ಲ ಬಾಗ್ಲಿಗೆ ಬರೋರು, "ಏನವ್ವಾ ಹಾಲಮ್ಮ, ಡ್ರೈವರ್ ಆದ್ಯಾ?" ಅಂತ. ನಾನೂ, "ಹೂನಕ್ಕ, ಕೂಡ್ರು ಬಾ, ಹರಿಹರೇಶ್ವರನ್ನ ತೋರಿಸ್ಕೊಂಡು ಬರ್ತೀನಿ" ಅಂತಿದ್ದೆ.

ಮಳೆಗಾಲ ಹೆಂಗೋ ಹೋತು, ಅಲ್ಲ ಅಲ್ಲ, ಮಳೆಗಾಲದಾಗೂ ಒಂದೊಂದ್ಸಲ ಕೆಮ್ಮಿತ್ತು, ಚಳಿಗಾಲ ಬಂದ್ಮ್ಯಾಲೆ ಮಾತ್ರ ದಿನಾ ಅದೇ ಗೋಳು. ಬೆಳಗಿನ ಜಾವ ಊರು ಬಿಟ್ವಿ ಅಂದ್ರೆ ಎಂಜಿನ್ನು ಗಡಗಡ ನಡುಗಾದು, ಕುಟುಕು ಕುಟುಕು ಅನ್ನಾದು, ಏರು ಬಂದ್ರೆ ಉಸಿರು ಕಟ್ಟಿದಂಗೆ ನಿಲ್ಲಾದು. ಬಿಸಿಲು ಏರ್ತಿದ್ದಂಗೇ ಏನೂ ಆಗಿಲ್ಲೇನೋ ಅನ್ನಂಗೆ ಓಡಾದು! ನಿಮ್ಮಜ್ಜ ದಿನಕ್ಕೊಂದು ಕಾರಣ ಹೇಳೋರು. ಒಂದಿನ ಪೆಟ್ರೋಲಿನಾಗೆ ಸೀಮೆಎಣ್ಣೆ ಬೆರೆಸ್ಯಾರೆ ಅಂದ್ರು. ಒಂದಿನ ಎದುರುಮನೆಯೋರ ಕಣ್ಣು ಬಿದ್ದೈತೆ ಅಂದ್ರು. ಇನ್ನೊಂದಿನ ನನ್ನ ಕಡೆ ನೋಡಿ, "ನೀ ಕುಂತ ಕಡೀಗೇ ಗಾಡಿ ವಾಲ್ತದೆ ಕಣೇ" ಅಂದ್ರು. ಆಗ ನಾನು ಹೆಂಗಿದ್ದೆ ಗೊತ್ತಾ, ಗಾಳಿ ಬಂದ್ರೆ ಹಾರಿಹೋಗಂಗಿದ್ದೆ! ಗ್ಯಾರೇಜಿನ ಖಾದರ್ ಸಾಬ್ರ ಹತ್ರ ತಗೊಂಡು ಹೋದ್ರೆ ಅಲ್ಲಿ ಮಧ್ಯಾಹ್ನದ ಬಿಸಿಲಿನಾಗೆ ಗಾಡಿ ಹಸುವಿನಂಗೆ ಸಾಧು. ಸಾಬ್ರು ಕಿವಿ ಇಟ್ಟು ಕೇಳಿ, "ಅರೆ ಬಸಣ್ಣ, ಗಾಡಿಗೆ ಏನೂ ಬೀಮಾರಿ ಇಲ್ಲ, ಬೀಮಾರಿ ನಿಮ್ಮ ತಲೆಯಾಗೈತೆ" ಅಂದ್ರು. "ಇಲ್ರೀ ಸಾಬ್ರೆ, ಬೆಳಿಗ್ಗೆ ನಡುಗ್ತದೆ" ಅಂದ್ರೆ, "ಚಳಿಗೆ ನಾನೂ ನಡುಗ್ತೀನಿ, ನನ್ನ ಯಾರು ರಿಪೇರಿ ಮಾಡ್ತಾರೆ?" ಅಂದ್ರು. ಆದ್ರೂ ಒಂದು ಮಾತು ಹೇಳಿದ್ರಪ್ಪ, ಹಂಗೆ ನಡುಗಿದ್ರೆ ನಾಕು ಸಿಲಿಂಡ್ರಿನಾಗೆ ಒಂದು ಮಲಗೈತೆ ಅಂತ ಲೆಕ್ಕ, ನಾಕು ಎತ್ತು ಕಟ್ಟಿದ ನೇಗಿಲಿನಾಗೆ ಒಂದೆತ್ತು ಕುಂತಂಗೆ, ಯಾಕ ಮಲಗ್ತು ಅಂತ ಅದು ಮಲಗಿದಾಗ್ಲೇ ನೋಡ್ಬೇಕು, ಎದ್ದಾಗ ನೋಡಿದ್ರೆ ಏನ್ ಸಿಗ್ತದೆ ಅಂತ.

ಹಿಂಗೇ ಹರಿಹರಕ್ಕೆ ಹೊತ್ತು ಮೀರಿ ಹೋಗಿ ಹೋಗಿ ಸಾವ್ಕಾರ್ರಿಗೂ ಸಾಕಾತು. "ನೋಡು ಬಸಣ್ಣ, ನಾಳೆ ಹರಿಹರದ ಸಂತೆ. ಸಂತೆ ಕೂಡೋದ್ರೊಳಗೆ ಮಾಲು ಮುಟ್ಲಿಲ್ಲ ಅಂದ್ರೆ ನಾಡಿದ್ದಿಂದ ಎತ್ತಿನಗಾಡಿಗೆ ಹೇಳ್ತೀನಿ, ನೀ ಬೇಜಾರ್ ಮಾಡ್ಕಬ್ಯಾಡ" ಅಂದ್ರು. ನಿಮ್ಮಜ್ಜ ಅವತ್ತು ಉಣ್ಲೇ ಇಲ್ಲ. ಮರುದಿನ ನಸುಕಿನಾಗೆ ಹೊಂಟ್ವಿ. ಅಯ್ಯಯ್ಯೋ, ಆ ಮಂಜು! ಬಾತಿ ಕೆರೆ ಹತ್ರ ಹೋಗಾದ್ರೊಳಗೆ ಕೆರೆ ಯಾವುದು ರಸ್ತೆ ಯಾವುದು ತಿಳೀದಂಗೆ ಕವುಚ್ಕೊಂಡಿತ್ತು. ಏರಿನಾಗೆ ಗಾಡಿ ಕೆಮ್ಮಿತು, ನಡುಗಿತು, ಮುಂದೆ ಹೋಗಲ್ಲ ಅಂತು. ಹಿಂದೆ ಚೀಲದ ಮ್ಯಾಲೆ ಹೊದಿಸಿದ್ದ ತಾಡಪಾಲು ಹರಿದಿತ್ತು. ಮಂಡಕ್ಕಿ ಅಂದ್ರೆ ಗೊತ್ತಲ್ಲ, ಮಂಜು ತಾಗಿದ್ರೆ ಮುಗೀತು, ಬಾಯಿಗಿಟ್ರೆ ಹತ್ತಿ ಅಗಿದಂಗೆ. ನಾನು ಚೀಲದಾಗೆ ಕೈ ಹಾಕಿ ನೋಡಿದೆ, ಅಂಚಿನ ಚೀಲದೋವು ಆಗ್ಲೇ ಮೆತ್ತಗಾಗಾಕೆ ಹತ್ತಿದ್ವು. ಗಾಡಿ ನಿಂತ್ರೂ ಎಂಜಿನ್ನು ಆರಿರ್ಲಿಲ್ಲ, ಕುಟುಕ್ತಾನೇ ಇತ್ತು. ಇವ್ರು ಬಾನೆಟ್ಟು ಎತ್ತಿ, ಕೈಬ್ಯಾಟ್ರಿ ಬೆಳಕು ಬಿಟ್ಕೊಂಡು ಅಲ್ಲಿ ಇಲ್ಲಿ ಮುಟ್ಟಿ, ಕೊನೀಗೆ ಮೈಲಿಗಲ್ಲಿನ ಮ್ಯಾಲೆ ಕುಂತುಬಿಟ್ರು. "ಮುಗೀತು ಹಾಲಮ್ಮ. ಇದನ್ನ ಗುಜರಿಗೆ ಹಾಕಿ ನಾನು ಎಲ್ಲಾದ್ರೂ ಕೂಲಿ ನೋಡ್ತೀನಿ. ನೀ ಕುಕ್ಕುವಾಡಕ್ಕೆ ಹೋಗಿ ನಿಮ್ಮಪ್ಪನ ಮನೆಯಾಗಿರು, ಹೊಟ್ಟೆಗೆ ತುತ್ತಾದ್ರೂ ಬೀಳ್ತದೆ" ಅಂದ್ರು. ದೊಡ್ಡ ಬಾಯಿ ಮಾಡೋ ಮನುಷ್ಯ ಅಷ್ಟು ಸಣ್ಣ ದನಿಯಾಗೆ ಮಾತಾಡಿದ್ದು ನಾನು ಅವತ್ತೇ ಕೇಳಿದ್ದು. ನನಗೆ ಅಳು ಬರ್ಬೇಕಿತ್ತು, ಸಿಟ್ಟು ಬಂತು. "ನಾ ಎಲ್ಲಿಗೂ ಹೋಗಲ್ಲ. ನನ್ನ ಸರ ಈ ಗಾಡಿಯಾಗೈತೆ, ನಾನೂ ಇದ್ರಾಗೇ ಇರ್ತೀನಿ. ಬ್ಯಾಟ್ರಿ ತರ್ರಿ ಇಲ್ಲಿ" ಅಂದು ಕಸ್ಕೊಂಡೆ. ಅದ್ರ ಹಾಳಾದ ಸೆಲ್ಲು ಆಗ್ಲೇ ಮುಗೀಬೇಕಾ? ಪಕ್ಕ್ ಅಂತ ಆರಿಹೋತು. ಗವ್ವನ್ನೋ ಕತ್ತಲೆ. ಆ ಕತ್ಲಾಗೆ ಎಂಜಿನ್ ಮಗ್ಗುಲಿಗೆ ಸಣ್ಣಗೆ ನೀಲಿ ಬೆಳಕು, ಟಿಕ್ ಅನ್ನಾದು, ಹೋಗಾದು. ಟಿಕ್ ಅನ್ನಾದು, ಹೋಗಾದು.

"ರೀ, ಬರ್ರಿ ಇಲ್ಲಿ, ಒಳಗೆ ಮಿಣುಕುಹುಳ ಐತೆ" ಅಂದೆ. "ಈ ಚಳಿಯಾಗೆ ಎಲ್ಲಿ ಮಿಣುಕುಹುಳನೇ, ತಲೆ ಕೆಟ್ಟೈತಾ?" ಅಂತ ಬಂದ್ರು. ಬಂದೋರು ಕಣ್ಣಿಲೆ ನೋಡಿ ಸುಮ್ನಿರ್ಬೇಕಾ ಬ್ಯಾಡ್ವಾ? ಇವ್ರದ್ದು ಬೆರಳಿನ ಸ್ವಭಾವ, "ಎಲ್ಲಿ?" ಅಂತ ಅದ್ರ ಮ್ಯಾಲೇ ಬೆರಳಿಟ್ರು! ಹೊಡೀತು ನೋಡ್ರಿ ಶಾಕು, "ಅಯ್ಯಯ್ಯಪ್ಪಾ!" ಅಂತ ಎಗರಿದ ರಭಸಕ್ಕೆ ಹಣೆ ಬಾನೆಟ್ಟಿಗೆ ಢಣ್ ಅಂತು. ನಾನು ನಗಬಾರ್ದು ಅಂತ ಸೆರಗು ಬಾಯಿಗೆ ತುರುಕ್ಕೊಂಡೆ, ಆದ್ರೂ ತಡೀಲಿಲ್ಲ. ಆವಯ್ಯ ತಲೆ ಹಿಡ್ಕೊಂಡು ನನ್ನೇ ನೋಡಿದ್ರು, ನೋಡಿ ನೋಡಿ ತಾವೂ ನಕ್ಕುಬಿಟ್ರು, ನಡು ರಸ್ತೆಯಾಗೆ ಇಬ್ರೂ ಹುಚ್ಚರಂಗೆ ನಕ್ವಿ. ಪ್ಲಗ್ಗಿಗೆ ಹೋಗೋ ವೈರು ಐತಲ್ಲ, ಅದ್ರ ಮೈ ಸೀಳಿತ್ತು. ಒಣಗಿದ್ದಾಗ ಸರಿ ಇರಾದು, ಮಂಜು ತಾಗಿದ್ರೆ ಕರೆಂಟು ಪ್ಲಗ್ಗಿಗೆ ಹೋಗದಂಗೆ ಪಕ್ಕದ ಕಬ್ಬಿಣಕ್ಕೆ ಹಾರಾದು, ಆ ಸಿಲಿಂಡ್ರು ಮಲಗಾದು. ಬ್ಯಾಟ್ರಿ ಬೆಳಕಿನಾಗೆ ಆ ಕಿಡಿ ಕಾಣ್ತಿರ್ಲಿಲ್ಲ, ದಿನಾ ಬೆಳಕು ಹಿಡಿದೇ ಹುಡುಕಿದ್ವಲ್ಲ ನಾವು. ಎಂಜಿನ್ನು ಆರಿಸಿದ್ವಿ, ನನ್ನ ಸೆರಗಿನಾಗೆ ವೈರು ಒರೆಸಿದ್ವಿ, ಹಳೇ ಸೈಕಲ್ ಟ್ಯೂಬಿನ ತುಂಡು ಇತ್ತು, ಅದನ್ನ ಸುತ್ತಿ, ಚೀಲ ಹೊಲಿದ ಸುತ್ಲಿ ಬಿಚ್ಚಿ ಬಿಗಿಯಾಗಿ ಕಟ್ಟಿದ್ರು. ಕಟ್ಟಿದ್ದು ಅಜ್ಜನೇ, ಅದನ್ನ ಇಲ್ಲ ಅನ್ನಲ್ಲ, ಗಂಟು ಮಾತ್ರ ಬಾಳ ಚೆನ್ನಾಗಿ ಹಾಕ್ತಾರೆ. ಹ್ಯಾಂಡ್ಲು ಹೊಡೆದ್ರು, ನಾ ಒತ್ತಿದೆ, ಎಂಜಿನ್ನು ಒಂದೇ ಸಮ ಗುಂಯ್ ಅಂತು. ಆ ಸದ್ದು ಕೇಳಿ ನನ್ನ ಕಣ್ಣಾಗೆ ನೀರು ಬಂದ್ವು, ನಗು ಬಂದಾಗ ಬರದಿದ್ದ ನೀರು ಆಗ ಬಂದ್ವು.

ಹರಿಹರ ಮುಟ್ಟಿದಾಗ ಸಂತೆಯಾಗೆ ಇನ್ನೂ ಗೋಣಿತಾಟು ಹಾಸ್ತಾ ಇದ್ರು. ಅಂಗಡಿಯೋರು ಒಂದೊಂದೇ ಚೀಲ ಹಿಚುಕಿ ನೋಡಿದ್ರು, ನಡುವಿನ ಚೀಲದೋವು ಗರಿಗರಿ ಇದ್ವು, ಇಳಿಸ್ಕೊಂಡ್ರು, ಅಂಚಿನ ಚೀಲಗಳನ್ನ ವಾಪಸ್ ಮಾಡಿದ್ರು. ಸಾವ್ಕಾರ್ರು ಗೊಣಗಿದ್ರು, ಆದ್ರೆ ಎತ್ತಿನಗಾಡಿ ಮಾತು ಎತ್ಲಿಲ್ಲ. ಆ ಮೆತ್ತನ ಮಂಡಕ್ಕಿನ ಅವ್ರೇ ನಮಗೆ ಕೊಟ್ರು, ಒಗ್ಗರಣೆ ಹಾಕಿ ಹಾಕಿ ತಿಂದು, ಆಮೇಲೆ ಬಾಳ ದಿನ ಮಂಡಕ್ಕಿ ಮುಖ ನೋಡಿದ್ರೆ ಹೊಟ್ಟೆ ತೊಳಸಾದು. ಖಾದರ್ ಸಾಬ್ರು ಹೊಸ ವೈರು ಹಾಕುವಾಗ ನಿಮ್ಮಜ್ಜ ಎದೆ ಉಬ್ಬಿಸಿ, "ನಾನೇ ಕಂಡುಹಿಡಿದೆ ಸಾಬ್ರೆ" ಅಂದ್ರಂತೆ. ಸಾಬ್ರು ಇವ್ರ ಹಣೆ ಮ್ಯಾಲಿನ ಬುಗುಟೆ ನೋಡಿ, "ಹೌದಾ, ಹಣೆಯಿಂದ ಕಂಡುಹಿಡಿದ್ರಾ?" ಅಂದ್ರಂತೆ. ಅದನ್ನ ಬಂದು ನನಗೆ ಹೇಳಿದ್ದೂ ಇವ್ರೇ, ಪಾಪ. ನೋಡು, ನೋಡು, ಕಣ್ಮುಚ್ಕೊಂಡೇ ಮೀಸೆಯಾಗೆ ನಗ್ತಾ ಅದಾರೆ! ಅದಕ್ಕೇ ಹೇಳೋದು ಕಣ್ರಪ್ಪ, ಏನಾರ ಕೆಟ್ರೆ ಮೊದ್ಲು ಸುಮ್ನೆ ನಿಂತು ನೋಡ್ರಿ, ಬೆರಳಿಡಾಕೆ ಹೋಗ್ಬ್ಯಾಡ್ರಿ, ಎದುರುಮನೆಯೋರ ಮ್ಯಾಲೆ ತಪ್ಪು ಹಾಕಾಕೂ ಹೋಗ್ಬ್ಯಾಡ್ರಿ. ಏಳ್ರಿ ಸಾಕು, ರೊಟ್ಟಿ ಆರಿಹೋಗ್ತಾವೆ.