ಏಳು ಕೋಟಿಯ ಆ ಸಂಖ್ಯೆ

ಕೋಟದ ಬಸ್‌ಸ್ಟಾಪಿನಲ್ಲಿ ಬ್ರಹ್ಮಾವರದ ಬಸ್ಸಿಗೆ ಕಾಯುತ್ತಿದ್ದ ಶ್ರೀಲತಾಳ ಪಕ್ಕದಲ್ಲಿ ತಾಯಿ, ಮಗಳು ಕೂತಿದ್ದರು. ಅವರ ಮಾತು ಕಿವಿಗೆ ಬಿದ್ದದ್ದೇ ಶ್ರೀಲತಾ ನೋಡುತ್ತಿದ್ದ ಮೊಬೈಲನ್ನು ಚೀಲದೊಳಗಿಟ್ಟಳು.

“ಬೋಟ್ ಮಗ್ಚಿ ಅಣ್ಣ ಹೋದ ದಿನ ಅವ ನಿಂಗೆ ಫೋನ್ ಮಾಡಿದ್ದ ಅಲ್ದಾ, ದೀಕ್ಷಾ?” ತಾಯಿ ಕೇಳಿದಳು. “ಕಡೀಗೆ ಎಂತ ಹೇಳ್ದ?”

“ಅವಂಗೆ ಲೆಕ್ಕದ ಹುಚ್ಚಲ್ದಾ, ಒಂದ್ ಸಂಖ್ಯೆ ಹೇಳ್ದ ಅಮ್ಮ. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ಮೂರು.”

“ಅದ್ರಂಗೆ ಎಂತ ವಿಶೇಷ ಇತ್ತ್?”

“ಒಂದ್ ಬಿಟ್ರೆ, ಅದೇ ಸಂಖ್ಯೆ ಬಿಟ್ರೆ, ಬೇರೆ ಯಾವ್ದ್ರಿಂದ್ಲೂ ಅದ್ ಭಾಗ ಆತಿಲ್ಲೆ. ಕಡೀ ಅಂಕಿ ಒಂದೊಂದೇ ತೆಗುಕಂಡ್ ಬಂದ್ರೂ ಉಳ್ದದ್ದ್ ಭಾಗ ಆತಿಲ್ಲೆ.”

“ಎಲ್ಲ ತೆಗ್ದ್ ಮೇಲೆ?”

“ಏಳ್ ಒಂದೇ ಉಳಿತ್. ಅದೂ ಹಾಂಗೇ.”

ತಾಯಿ ಮಗಳ ಕಡೆ ವಾಲಿದಳು.

“ನನ್ನ್ ಬಗ್ಗೆ ಕೇಂಡ್ನಾ?”

ಮಗಳು ರಸ್ತೆಯತ್ತ ಮುಖ ತಿರುಗಿಸಿದಳು. ಅವಳ ಕಣ್ಣು ತುಂಬಿಬಂದದ್ದು ಶ್ರೀಲತಾಳಿಗೆ ಮಾತ್ರ ಕಂಡಿತು.

“ಇದ್ನ ಅಮ್ಮಂಗೂ ಹೇಳ್ ಅಂದ.”

ಅಷ್ಟರಲ್ಲಿ ಅವರು ಕಾಯುತ್ತಿದ್ದ, ಶಂಕರನಾರಾಯಣ ಊರಿಗೆ ಹೋಗುವ ಬಸ್ಸು ಬಂತು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

“ಹಾಂಗಾರೆ ಬಸ್ಸಂಗೆ ಕೂಕಂಡ್ ನಂಗೆ ನಿಧಾನ ಹೇಳ್ಕೊಡ್,” ಎಂದಳು. “ಅವ ಹೇಳ್ ಅಂದದ್ದಲ್ದಾ, ಕಲೀದೆ ಬಿಡುಕಾತಿಲ್ಲೆ.”