ಎರಡಕ್ಕೂ ಇನ್ನೂರೈವತ್ತೈದು

ಕೊಟ್ಟೂರಿನಿಂದ ಹೊರಟ ಬಸ್ಸಿನಲ್ಲಿ ರೇಣುಕಾಗೆ ಇನ್ನೇನು ನಿದ್ದೆ ಹತ್ತುವುದರಲ್ಲಿತ್ತು. ಮುಂದಿನ ಸೀಟಿನವರು ಬಿಡಬೇಕಲ್ಲ! ಕಾಲೇಜುಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವ ದುರುಗೇಶ, ತನ್ನ ಕೈಕೆಳಗಿನ ಹುಡುಗ ಕ್ರಾಂತಿಯನ್ನು ವಿಚಾರಿಸಿಕೊಳ್ಳುತ್ತಿದ್ದ.

“ನೆಟ್‌ವರ್ಕಿನ ನಂಬರು ನಾಕು ಭಾಗ ಮಾಡಿ, ಕೊನೀ ಭಾಗ ಲ್ಯಾಬಿಗೆ ಕೊಟ್ಟಿ. ಲ್ಯಾಬಿನೋರ್ನೆಲ್ಲ ಒಮ್ಮಿಗೇ ಕರೆಯೋ ನಂಬರ್ ಎಷ್ಟಲೇ?”

“ಆ ಭಾಗದ ಕೊನೀ ನಂಬರು, ಇನ್ನೂರೈವತ್ತೈದು.”

“ಇಡೀ ಕಾಲೇಜಿನೋರ್ನ ಕರೆಯೋದು?”

“ಅದೂ... ಇನ್ನೂರೈವತ್ತೈದೇ ಅಣ್ಣಾ.”

“ಭೇಷ್! ಡಂಗುರ ಓಣಿಗೋ ಊರಿಗೋ ಅಂತ ಹೇಳಲಿಲ್ಲ. ನಿನ್ನ ಮನಸ್ನ್ಯಾಗಿಂದು ತಿಳ್ಕೊಳ್ಳಾಕ ಆ ಹಳೇ ರೂಟರೇನು ಕಾರ್ಣಿಕ ನುಡಿಯೋ ಮೈಲಾರದ ಗೊರವಯ್ಯನಾ?”

“ಲ್ಯಾಬಿನೋರಿಗಷ್ಟೇ ಅಂತ ಕಳಿಸಿದ್ದೆ.”

“ಏನಂತ?”

“‘ಪ್ರಿನ್ಸಿಪಾಲರ ಭಾಷಣ ಸದ್ಯಕ್ಕ ಮುಗಿಯಂಗಿಲ್ಲ, ಮಂಡಕ್ಕಿ ಮಿರ್ಚಿ ತಿನ್ನಾಕ ಬರ್ರಿ’ ಅಂತ.”

“ಯಾರ್ಯಾರು ಬಂದ್ರು?”

“ಕಂಪ್ಯೂಟರ್‌ನ್ಯಾಗ ಭಾಷಣ ಕೇಳಾಕತ್ತಿದ್ದೋರೆಲ್ಲ.”

“ಪ್ರಿನ್ಸಿಪಾಲರು?”

“ಅವರೂ ಬಂದ್ರು, ನನ್ನ ಹುಡುಕ್ಕೊಂತ.”

ಕಾಲೇಜಿನ ಗೇಟು ಬಂತು. ಕೈತಪ್ಪಲಿದ್ದ ಕೆಲಸ ಉಳಿಸಿಕೊಳ್ಳಲು ಇಬ್ಬರೂ ಎದ್ದರು. ರೇಣುಕಾ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿದಳು.

“ತಪ್ಪಾತು ಅಂತ ಕೇಳ್ಕೊಂತೀನಿ ಅಣ್ಣಾ.”

“ಎದುರಿಗೆ ನಿಂತು ಬಾಯಿಲೇ ಕೇಳು. ಮತ್ತ ಮೆಸೇಜು ಕಳಿಸಿದ್ಯೋ, ಇಡೀ ಕಾಲೇಜೇ ನಿನ್ನ ಕ್ಷಮಿಸಾಕ ಎದ್ದು ಬರ್ತತಿ.”